ಸಂಬಳದ ರಜೆ ಯಾವ ದೇಶದಲ್ಲಿ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಒಂದು ಮದುವೆ ಗೊತ್ತಾಯಿತೆಂದರೆ ಛತ್ರ ಹುಡುಕುವ ಮೊದಲೇ ರಜೆಯ ಮಾತು ಏಳುತ್ತದೆ. ತಮ್ಮ ದುಬೈಯಲ್ಲಿದ್ದಾನೆ, ಅಕ್ಕನ ಮಗಳು ಮ್ಯೂನಿಕ್‌ನಲ್ಲಿ, ಚಿಕ್ಕಪ್ಪನ ಮಗ ಡಲ್ಲಾಸ್‌ನಲ್ಲಿ. ಅಕ್ಕನ ಮಗಳು ಚಪ್ಪರದ ದಿನದಿಂದ ಬೀಗರೂಟದವರೆಗೂ ಇದ್ದು, ಆಮೇಲೆ ಧರ್ಮಸ್ಥಳಕ್ಕೂ ಹೋಗಿ ಬರುತ್ತಾಳೆ. ಡಲ್ಲಾಸ್‌ನವನು ಧಾರೆಯ ಹಿಂದಿನ ದಿನ ಬಂದಿಳಿದು, ಛತ್ರದ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿರುತ್ತಾನೆ. ಇಬ್ಬರೂ ಇಂಜಿನಿಯರುಗಳು, ಮಾಡುವ ಕೆಲಸವೂ ಹೆಚ್ಚುಕಡಿಮೆ ಒಂದೇ. ಬೇರೆಯಾಗಿರುವುದು ಅವರಿರುವ ದೇಶದ ಕಾನೂನು.

ನಾನು ಪೀಣ್ಯದ ಕಾರ್ಖಾನೆಗಳಲ್ಲಿ ಇಪ್ಪತ್ತೆರಡು ವರ್ಷ ಹಾಜರಿ, ಸಂಬಳ, ರಜೆಯ ಲೆಕ್ಕ ಬರೆದವನು. ಮನೆಯವರು, ಜೊತೆಗೆ ಕೆಲಸ ಮಾಡಿದವರು, ಈಗ ಬೇರೆ ಬೇರೆ ದೇಶಗಳಲ್ಲಿ ದುಡಿಯುತ್ತಿರುವ ಅವರ ಮಕ್ಕಳು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ರಜೆಗಳಲ್ಲಿ ಹತ್ತಾರು ಬಗೆ ಇವೆ. ಇಲ್ಲಿ ಮಾತಾಡುತ್ತಿರುವುದು ಯಾವುದರ ಬಗ್ಗೆ?

ವರ್ಷವಿಡೀ ದುಡಿದದ್ದಕ್ಕೆ ಪ್ರತಿಯಾಗಿ, ಸಂಬಳ ಕಡಿತವಾಗದೆ, ವಿಶ್ರಾಂತಿಗೆಂದು ಸಿಗುವ ರಜೆಯ ಬಗ್ಗೆ. ನಮ್ಮ ಸರ್ಕಾರಿ ಕಡತಗಳಲ್ಲಿ ಇದಕ್ಕೆ ಗಳಿಕೆ ರಜೆ ಎನ್ನುತ್ತಾರೆ. ಕಂಪನಿಗಳಲ್ಲಿ ಇಎಲ್ ಅಥವಾ ಪಿಎಲ್. ವಾರದ ರಜೆ, ಹಬ್ಬದ ರಜೆ, ಕಾಯಿಲೆ ರಜೆ, ಹೆರಿಗೆ ರಜೆ, ಸಾಂದರ್ಭಿಕ ರಜೆ ಇವೆಲ್ಲ ಬೇರೆ ಲೆಕ್ಕ. ದೇಶ ದೇಶಗಳನ್ನು ಹೋಲಿಸುವಾಗ ಇವನ್ನೆಲ್ಲ ಒಂದೇ ಚೀಲಕ್ಕೆ ತುಂಬಿದರೆ ಲೆಕ್ಕ ಕೆಡುತ್ತದೆ.

‘ರಜೆ’ ಎನ್ನುವ ಮಾತು ನಮಗೆ ಬಂದದ್ದು ಅರಬ್ಬಿ, ಪಾರಸಿ ದಾರಿಯಿಂದ. ಮೂಲದಲ್ಲಿ ಅದರ ಅರ್ಥ ಒಪ್ಪಿಗೆ, ಅಪ್ಪಣೆ. ಅಂದರೆ ಮೇಲಿನವರು ‘ಹೋಗು’ ಎಂದರೆ ಹೋಗುವುದು. ಅದರ ಹಿಂದೆ ‘ಗಳಿಕೆ’ ಸೇರಿಸಿದವರು ಯಾರೋ ಗೊತ್ತಿಲ್ಲ, ಆದರೆ ಅವರಿಗೆ ನಾನು ಕೈಮುಗಿಯುತ್ತೇನೆ. ಗಳಿಸಿದ್ದನ್ನು ಕೇಳಿ ಪಡೆಯುವುದಕ್ಕೂ ಬೇಡಿ ಪಡೆಯುವುದಕ್ಕೂ ಬಹಳ ಅಂತರವಿದೆ. ಮುಂದಿನ ಉತ್ತರಗಳಲ್ಲೆಲ್ಲ ಈ ಎರಡು ಪದಗಳ ಜಗ್ಗಾಟವೇ ಕಾಣುತ್ತದೆ: ಕೆಲವು ದೇಶಗಳ ಕಾನೂನು ಗಳಿಕೆಯ ಕಡೆ ನಿಂತಿದೆ, ಕೆಲವು ಅಪ್ಪಣೆಯ ಕಡೆ.

ಕೂಲಿ ಕೆಲಸದವರಿಗೂ ಸಂಬಳದ ರಜೆ ಎನ್ನುವುದು ಯಾವಾಗ ಶುರುವಾಯಿತು?

ಗುಮಾಸ್ತರು, ಅಧಿಕಾರಿಗಳಿಗೆ ಹಿಂದಿನಿಂದಲೂ ಇತ್ತು. ಕಾರ್ಖಾನೆಯ ಆಳಿಗೂ ಅದು ಹಕ್ಕು ಎಂದು ದೊಡ್ಡದಾಗಿ ಸಾರಿದ ವರ್ಷ 1936. ಫ್ರಾನ್ಸಿನಲ್ಲಿ ಆ ವರ್ಷ ಮೇ, ಜೂನ್ ತಿಂಗಳಲ್ಲಿ ಲಕ್ಷಾಂತರ ಕಾರ್ಮಿಕರು ಮುಷ್ಕರ ಹೂಡಿ ಕಾರ್ಖಾನೆಗಳೊಳಗೇ ಕೂತರು. ಲಿಯೋನ್ ಬ್ಲುಮ್ ಅವರ ಸರ್ಕಾರ ಜೂನ್‌ನಲ್ಲಿ ಎಲ್ಲರಿಗೂ ವರ್ಷಕ್ಕೆ ಎರಡು ವಾರದ ಸಂಬಳದ ರಜೆ ಕೊಡುವ ಕಾನೂನು ತಂದಿತು. ರಜೆ ಸಿಕ್ಕರೂ ಹೋಗಲು ದುಡ್ಡು ಬೇಕಲ್ಲ? ಮಂತ್ರಿಯಾಗಿದ್ದ ಲಿಯೋ ಲಗ್ರಾಂಜ್ ರೈಲು ಟಿಕೆಟ್‌ಗೆ ಶೇ. 40ರಷ್ಟು ರಿಯಾಯಿತಿ ಕೊಡಿಸಿದರು. ಹುಟ್ಟಿದಾಗಿನಿಂದ ಸಮುದ್ರ ನೋಡದಿದ್ದ ಎಷ್ಟೋ ಮನೆಗಳವರು ಆ ಬೇಸಿಗೆಯಲ್ಲಿ ಕಡಲ ತೀರಕ್ಕೆ ಹೋದರು. ಎರಡು ವಾರ ಇದ್ದದ್ದು 1956ರಲ್ಲಿ ಮೂರು, 1969ರಲ್ಲಿ ನಾಲ್ಕು, 1982ರಲ್ಲಿ ಐದು ವಾರವಾಯಿತು.

ಅದೇ 1936ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಒ, ವರ್ಷಕ್ಕೆ ಕನಿಷ್ಠ ಆರು ದಿನ ಎಂಬ ಒಡಂಬಡಿಕೆ ಮಾಡಿತು. 1970ರಲ್ಲಿ ಅದನ್ನು ತಿದ್ದಿ ಮೂರು ವಾರ ಮಾಡಿದರು. ಈ ಎರಡನೆಯ ಒಡಂಬಡಿಕೆಗೆ ಭಾರತವಾಗಲಿ ಅಮೆರಿಕವಾಗಲಿ ಸಹಿ ಹಾಕಿ ಒಪ್ಪಿಲ್ಲ. 1948ರ ವಿಶ್ವ ಮಾನವ ಹಕ್ಕುಗಳ ಘೋಷಣೆಯ 24ನೇ ವಿಧಿ ವಿಶ್ರಾಂತಿ, ಬಿಡುವು, ಆಗಾಗ ಸಂಬಳದ ರಜೆ ಎಲ್ಲವನ್ನೂ ಮನುಷ್ಯನ ಹಕ್ಕು ಎಂದಿದೆ. ನಮ್ಮ ಸಂವಿಧಾನದ 43ನೇ ವಿಧಿಯೂ ಕೂಲಿಯ ಮಾತಿನ ಜೊತೆಗೇ ಬಿಡುವನ್ನು ಪೂರ್ತಿಯಾಗಿ ಅನುಭವಿಸುವ ಮಾತನ್ನು ಆಡುತ್ತದೆ. ಅದು ನಿರ್ದೇಶಕ ತತ್ವ, ಕೋರ್ಟಿಗೆ ಹೋಗಿ ಕೇಳಲು ಬರುವುದಿಲ್ಲ, ನಿಜ. ಆದರೂ ಆ ಪದ ಅಲ್ಲಿದೆ.

ಅತಿ ಹೆಚ್ಚು ರಜೆ ಕೊಡುವ ದೇಶ ಯಾವುದು?

ಈ ಪ್ರಶ್ನೆಗೆ ಒಂದು ಸಂಖ್ಯೆ ಹೇಳಿ ಮುಗಿಸುವವರನ್ನು ನಂಬಬೇಡಿ. ಮೊದಲು ಕೇಳಬೇಕಾದ್ದು, ‘ಆ ದಿನ’ ಎಂದರೆ ಯಾವ ದಿನ ಎಂದು.

ಬ್ರೆಜಿಲ್‌ನಲ್ಲಿ 30 ದಿನ. ಯುಎಇಯಲ್ಲಿ 30 ದಿನ. ಫ್ರಾನ್ಸಿನಲ್ಲೂ 30 ದಿನ. ಮೂರೂ ಒಂದೇ ಅಲ್ಲ. ಬ್ರೆಜಿಲ್, ಯುಎಇಗಳದ್ದು ಕ್ಯಾಲೆಂಡರ್ ದಿನ. ಶನಿವಾರ, ಭಾನುವಾರಗಳೂ ಅದರೊಳಗೇ ಕರಗುತ್ತವೆ. ಹಾಗಾಗಿ ಅದು ನಾಲ್ಕು ವಾರ ಎರಡು ದಿನ. ಫ್ರಾನ್ಸಿನಲ್ಲಿ ಭಾನುವಾರ ಬಿಟ್ಟು ವಾರಕ್ಕೆ ಆರು ದಿನದಂತೆ ಎಣಿಸುತ್ತಾರೆ. ಅಲ್ಲಿಗೆ ಸರಿಯಾಗಿ ಐದು ವಾರ.

ಜರ್ಮನಿಯ 1963ರ ಕಾನೂನು ಓದಿದವರು 24 ದಿನ ಎನ್ನುತ್ತಾರೆ, ಅಲ್ಲಿ ದುಡಿಯುವವರು 20 ದಿನ ಎನ್ನುತ್ತಾರೆ. ಇಬ್ಬರ ಮಾತೂ ಸರಿ. ಕಾನೂನು ಬರೆದಾಗ ವಾರಕ್ಕೆ ಆರು ದಿನದ ಕೆಲಸದ ಲೆಕ್ಕ ಹಿಡಿದಿದ್ದರು, ಈಗ ಐದೇ ದಿನ. ಹೇಗೆ ಎಣಿಸಿದರೂ ನಾಲ್ಕು ವಾರ. ಇದು ಕಾನೂನಿನ ಕನಿಷ್ಠ; ಕಾರ್ಮಿಕ ಸಂಘಗಳ ಒಪ್ಪಂದದಿಂದ ಅಲ್ಲಿ ಬಹಳ ಜನಕ್ಕೆ 30 ಕೆಲಸದ ದಿನ, ಅಂದರೆ ಆರು ವಾರ ಸಿಗುತ್ತದೆ. ಅಕ್ಕನ ಮಗಳ ಧರ್ಮಸ್ಥಳ ಯಾತ್ರೆಯ ಗುಟ್ಟು ಅದೇ.

ಇನ್ನೂ ಚೆನ್ನಾದ ಉದಾಹರಣೆ ಸ್ವೀಡನ್, ನಾರ್ವೆ. ಅಕ್ಕಪಕ್ಕದ ದೇಶಗಳು, ಎರಡರ ಕಾನೂನಿನಲ್ಲೂ 25 ದಿನ. ಸ್ವೀಡನ್ನಿನಲ್ಲಿ ಶನಿವಾರ ಎಣಿಕೆಗಿಲ್ಲ, ಐದು ವಾರವಾಗುತ್ತದೆ. ನಾರ್ವೆಯಲ್ಲಿ ಶನಿವಾರವೂ ಎಣಿಕೆಗೆ ಬರುತ್ತದೆ, ನಾಲ್ಕು ವಾರ ಒಂದು ದಿನಕ್ಕೆ ಮುಗಿಯುತ್ತದೆ. ಬ್ರಿಟನ್ನಿನಲ್ಲಿ ಐದು ದಿನ ದುಡಿಯುವವರಿಗೆ 28 ದಿನ ಎಂದು ಕೇಳಿದಾಗ ಜರ್ಮನಿಗಿಂತ ಹೆಚ್ಚೆನಿಸುತ್ತದೆ. ಆದರೆ ಅಲ್ಲಿ ಮಾಲೀಕರು ಸಾರ್ವಜನಿಕ ರಜೆಗಳನ್ನೂ ಆ 28ರೊಳಗೇ ಸೇರಿಸಬಹುದು. ಇಂಗ್ಲೆಂಡಿನ ಎಂಟು ದಿನ ಕಳೆದರೆ ಉಳಿಯುವುದು 20. ಜರ್ಮನಿಯಲ್ಲಿ ಸಾರ್ವಜನಿಕ ರಜೆ ಬೇರೆಯೇ.

ಹಾಗಾಗಿ ನನ್ನ ಸಲಹೆ: ಯಾವ ದೇಶದ್ದೇ ಆಗಲಿ, ಮೊದಲು ವಾರಕ್ಕೆ ಇಳಿಸಿ. ವಾರದ ಲೆಕ್ಕದಲ್ಲಿ ಫ್ರಾನ್ಸ್, ಸ್ವೀಡನ್, ಡೆನ್ಮಾರ್ಕ್, ಆಸ್ಟ್ರಿಯಾಗಳು ಐದು ವಾರದ ಸಾಲಿನಲ್ಲಿ ನಿಲ್ಲುತ್ತವೆ. ಆಸ್ಟ್ರಿಯಾದಲ್ಲಿ 25 ವರ್ಷದ ಸೇವೆ ಆದವರಿಗೆ ಆರು ವಾರ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ನಾಲ್ಕು ವಾರ. ಕೆನಡಾದ ಬಹುಪಾಲು ಕಡೆ ಮೊದಲಿಗೆ ಎರಡು ವಾರ. ಮೆಕ್ಸಿಕೋದಲ್ಲಿ ಮೊದಲ ವರ್ಷಕ್ಕೆ ಬರೀ ಆರು ದಿನ ಇತ್ತು, 2023ರ ಜನವರಿಯಿಂದ 12 ಮಾಡಿದ್ದಾರೆ. ಫಿಲಿಪೀನ್ಸಿನ ಕಾನೂನಿನಲ್ಲಿ ಈಗಲೂ ಐದೇ ದಿನ.

ಯುರೋಪಿನಲ್ಲಿ ಇಷ್ಟು ರಜೆ ಕೊಟ್ಟರೂ ಕೆಲಸ ಹೇಗೆ ನಡೆಯುತ್ತದೆ?

ಎಲ್ಲರೂ ಹೋಗುವುದು ಮೊದಲೇ ಗೊತ್ತಿರುವುದರಿಂದ. ಸ್ವೀಡನ್ನಿನಲ್ಲಿ ಜೂನ್‌ನಿಂದ ಆಗಸ್ಟ್ ನಡುವೆ ನಾಲ್ಕು ವಾರ ಒಟ್ಟಿಗೆ ಕೇಳುವ ಹಕ್ಕಿದೆ. ಡೆನ್ಮಾರ್ಕ್‌ನಲ್ಲಿ ಮೇ 1ರಿಂದ ಸೆಪ್ಟೆಂಬರ್ 30ರೊಳಗೆ ಮೂರು ವಾರ ಒಂದೇ ಕಂತು. ಅಲ್ಲಿನ ಗ್ರಾಹಕರಿಗೆ ಕೆಲಸ ಮಾಡಿಕೊಡುವ ಬೆಂಗಳೂರಿನ ಐಟಿ ಹುಡುಗರನ್ನು ಕೇಳಿ: ಜುಲೈ ಬಂದರೆ ಮೇಲ್‌ಗಳು ನಿಂತೇ ಹೋಗುತ್ತವೆ. ಯಾರೂ ಅದನ್ನು ತಪ್ಪೆಂದುಕೊಳ್ಳುವುದಿಲ್ಲ, ಯೋಜನೆಯ ವೇಳಾಪಟ್ಟಿಯನ್ನೇ ಹಾಗೆ ಹಾಕಿರುತ್ತಾರೆ.

ಐರೋಪ್ಯ ಒಕ್ಕೂಟದ ಎಲ್ಲ ದೇಶಗಳಿಗೂ ಕನಿಷ್ಠ ನಾಲ್ಕು ವಾರ ಎಂಬ ನಿಯಮ 1993ರಲ್ಲೇ ಬಂತು. ಇದರಲ್ಲಿ ನನಗೆ ತುಂಬಾ ಹಿಡಿಸಿದ ಅಂಶ ಬೇರೆ. ಈ ನಾಲ್ಕು ವಾರವನ್ನು ದುಡ್ಡಿಗೆ ಬದಲಾಯಿಸುವಂತಿಲ್ಲ. ಕೆಲಸ ಬಿಡುವಾಗ ಮಾತ್ರ ನಗದು. ಒಕ್ಕೂಟದ ನ್ಯಾಯಾಲಯ 2018ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ‘ನಿನ್ನ ರಜೆ ಇಷ್ಟು ಉಳಿದಿದೆ, ತೆಗೆದುಕೊಳ್ಳದಿದ್ದರೆ ಹೋಗುತ್ತದೆ’ ಎಂದು ಮಾಲೀಕರು ಸ್ಪಷ್ಟವಾಗಿ ತಿಳಿಸಿ ಅವಕಾಶ ಕೊಟ್ಟಿರಬೇಕು; ಇಲ್ಲದಿದ್ದರೆ ಕಾರ್ಮಿಕ ಅರ್ಜಿ ಹಾಕಲಿಲ್ಲ ಎನ್ನುವ ಒಂದೇ ಕಾರಣಕ್ಕೆ ರಜೆ ಸಾಯುವುದಿಲ್ಲ ಎಂದಿತು. ಇಟಲಿಯ ಸಂವಿಧಾನದ 36ನೇ ವಿಧಿಯಂತೂ ವಾರ್ಷಿಕ ರಜೆಯನ್ನು ಕಾರ್ಮಿಕ ತಾನಾಗಿ ಬಿಟ್ಟುಕೊಡುವಂತೆಯೂ ಇಲ್ಲ ಎನ್ನುತ್ತದೆ. ಬಡವನಿಗೆ ದುಡ್ಡಿನ ಆಸೆ ತೋರಿಸಿ ವಿಶ್ರಾಂತಿ ಕಿತ್ತುಕೊಳ್ಳುವುದು ಎಷ್ಟು ಸುಲಭ ಎಂದು ಗೊತ್ತಿದ್ದವರು ಬರೆದ ಸಾಲು ಅದು.

ಯುರೋಪಿನವರೆಲ್ಲ ರಜೆಗೆ ಬಾಯಿಬಿಡುತ್ತಾರೆ ಎಂದೂ ತಿಳಿಯಬೇಡಿ. ಸ್ವಿಟ್ಜರ್ಲೆಂಡಿನಲ್ಲಿ ನಾಲ್ಕು ವಾರವನ್ನು ಆರು ಮಾಡೋಣವೇ ಎಂದು 2012ರ ಮಾರ್ಚ್‌ನಲ್ಲಿ ಜನರನ್ನೇ ಕೇಳಿದರು. ಮೂರರಲ್ಲಿ ಎರಡು ಪಾಲು ಮತದಾರರು ಬೇಡ ಎಂದರು.

ರಜೆಯಲ್ಲಿದ್ದಾಗ ಕಾಯಿಲೆ ಬಿದ್ದರೆ ಆ ದಿನಗಳು ಹೋದಂತೆಯೇ?

ಜರ್ಮನಿಯಲ್ಲಿ ಇಲ್ಲ. ಹೋದ ಸಲ ಅಕ್ಕನ ಮಗಳು ತುಮಕೂರಿಗೆ ಬಂದವಳು ಡೆಂಗಿ ಜ್ವರದಿಂದ ಆರು ದಿನ ಮಲಗಿದಳು. ಮೊದಲ ದಿನವೇ ಕಂಪನಿಗೆ ತಿಳಿಸಿ, ವೈದ್ಯರ ಪ್ರಮಾಣಪತ್ರ ಕಳಿಸಿದಳು. ಆರು ದಿನದ ರಜೆ ಅವಳ ಖಾತೆಗೆ ವಾಪಸ್ ಬಂತು. ಕಾಯಿಲೆ ಬೇರೆ, ವಿಶ್ರಾಂತಿ ಬೇರೆ. ಒಂದು ಇನ್ನೊಂದನ್ನು ನುಂಗಬಾರದು ಎನ್ನುವುದು ಅಲ್ಲಿನ ತರ್ಕ. 2009ರಲ್ಲಿ ಐರೋಪ್ಯ ನ್ಯಾಯಾಲಯವೂ ಇದನ್ನೇ ಹೇಳಿದೆ. ಅಲ್ಲಿರುವ ನಮ್ಮವರು ನೆನಪಿಡಬೇಕಾದ್ದು ಇಷ್ಟೇ: ವಾಪಸ್ ಹೋದ ಮೇಲೆ ಹೇಳಿದರೆ ಆಗದು, ಊರಿನಿಂದಲೇ ತಕ್ಷಣ ತಿಳಿಸಬೇಕು.

ಅಮೆರಿಕದಲ್ಲಿ ಸಂಬಳದ ರಜೆಗೆ ಕಾನೂನೇ ಇಲ್ಲವಂತೆ, ನಿಜವೇ?

ನಿಜ. ಕನಿಷ್ಠ ಕೂಲಿ, ಓವರ್‌ಟೈಮ್, ಬಾಲ ಕಾರ್ಮಿಕರ ವಿಷಯಕ್ಕೆ ಅಲ್ಲಿ 1938ರಿಂದ ಕೇಂದ್ರದ ಕಾಯ್ದೆ ಇದೆ. ಆದರೆ ಕೆಲಸ ಮಾಡದ ದಿನಕ್ಕೆ ಸಂಬಳ ಕೊಡಿ ಎಂದು ಅದು ಎಲ್ಲೂ ಹೇಳುವುದಿಲ್ಲ. ಜುಲೈ 4ರಂದು ಕೂಡ ಖಾಸಗಿ ಕಂಪನಿ ರಜೆ ಕೊಡಲೇಬೇಕೆಂದಿಲ್ಲ. ಎಲ್ಲವೂ ಕಂಪನಿಯ ಆಫರ್ ಲೆಟರ್‌ನಲ್ಲಿ ಏನಿದೆಯೋ ಅದರ ಮೇಲೆ. ಸರ್ಕಾರ ತನ್ನ ನೌಕರರಿಗೆ ಮಾತ್ರ ಮರೆಯದೆ ಕೊಟ್ಟುಕೊಂಡಿದೆ: ಕೇಂದ್ರ ಸರ್ಕಾರಿ ನೌಕರರಿಗೆ ಸೇವೆ ನೋಡಿ 13, 20 ಅಥವಾ 26 ದಿನ.

ಕೆಲವು ರಾಜ್ಯಗಳು ತಾವೇ ಮುಂದೆ ಬಂದಿವೆ. ನೆವಾಡಾ 2020ರಲ್ಲಿ, ಮೇಯ್ನ್ 2021ರಲ್ಲಿ, ಇಲಿನಾಯ್ 2024ರಲ್ಲಿ, ಯಾವ ಕಾರಣಕ್ಕಾದರೂ ಬಳಸಬಹುದಾದ ಸುಮಾರು 40 ಗಂಟೆಗಳ ಸಂಬಳದ ರಜೆಯನ್ನು ಕಾನೂನಾಗಿಸಿದವು. ಅಂದರೆ ಐದು ದಿನ. ಕ್ಯಾಲಿಫೋರ್ನಿಯಾದ ದಾರಿ ಬೇರೆ. ರಜೆ ಕೊಡಲೇಬೇಕೆಂದು ಅದು ಹೇಳುವುದಿಲ್ಲ. ಆದರೆ ಒಮ್ಮೆ ಕೊಡುತ್ತೇನೆಂದು ಒಪ್ಪಿದರೆ, ದುಡಿದಂತೆಲ್ಲ ಅದು ಸಂಬಳವೇ ಆಗುತ್ತದೆ, ವರ್ಷದ ಕೊನೆಗೆ ‘ಬಳಸಲಿಲ್ಲ, ಹೋಯಿತು’ ಎಂದು ಅಳಿಸುವಂತಿಲ್ಲ. ಟೆಕ್ಸಾಸ್‌ನಲ್ಲಿ ಈ ರಕ್ಷಣೆ ಇಲ್ಲ, ಕಂಪನಿಯ ನಿಯಮವೇ ಅಂತಿಮ. ಸ್ಯಾನ್ ಹೋಸೆಯಿಂದ ಡಲ್ಲಾಸ್‌ಗೆ ಮನೆ ಬದಲಾಯಿಸುವವರು ಮನೆ ಬಾಡಿಗೆ, ತೆರಿಗೆ ಎಲ್ಲ ಹೋಲಿಸುತ್ತಾರೆ. ಇದನ್ನು ಮಾತ್ರ ನೋಡುವುದಿಲ್ಲ.

‘ಅನ್‌ಲಿಮಿಟೆಡ್ ಪಿಟಿಒ’, ಅಂದರೆ ಮಿತಿಯಿಲ್ಲದ ಸಂಬಳದ ರಜೆ, ಎಂದು ಆಫರ್‌ನಲ್ಲಿ ಬಂದರೆ ಹುಷಾರಾಗಿರಿ. ಎಷ್ಟು ಬೇಕಾದರೂ ತೆಗೆದುಕೊಳ್ಳಿ ಎಂದರೆ ಲೆಕ್ಕವೇ ಇಲ್ಲ ಎಂದರ್ಥ. ಲೆಕ್ಕ ಇಲ್ಲದಿದ್ದರೆ ಕೂಡಿಡುವುದಿಲ್ಲ, ಕೆಲಸ ಬಿಡುವಾಗ ಸಾಮಾನ್ಯವಾಗಿ ದುಡ್ಡೂ ಬರುವುದಿಲ್ಲ. ಪ್ರತಿ ಸಲವೂ ಮ್ಯಾನೇಜರ್ ಒಪ್ಪಬೇಕು. ಗಳಿಕೆ ರಜೆ ಮತ್ತೆ ಅಪ್ಪಣೆಯಾಯಿತು.

ಜಪಾನಿನವರು ಇರುವ ರಜೆಯನ್ನೂ ತೆಗೆದುಕೊಳ್ಳುವುದಿಲ್ಲವಂತೆ?

ಆರು ತಿಂಗಳು ಕೆಲಸ ಮಾಡಿ ಶೇ. 80ರಷ್ಟು ಹಾಜರಿ ಇದ್ದರೆ 10 ದಿನ. ಆರೂವರೆ ವರ್ಷಕ್ಕೆ 20 ದಿನ. ಕಾಗದದ ಮೇಲೆ ಕಡಿಮೆಯೇನಲ್ಲ. ಆದರೆ ಬಹಳ ವರ್ಷ ಜನ ಅದರಲ್ಲಿ ಅರ್ಧದ ಆಸುಪಾಸು ಮಾತ್ರ ಬಳಸುತ್ತಿದ್ದರು. ನಾನು ಹೋದರೆ ನನ್ನ ಕೆಲಸ ಪಕ್ಕದವನ ತಲೆಗೆ ಬೀಳುತ್ತದೆ ಎಂಬ ಸಂಕೋಚ. ನಮ್ಮಲ್ಲೂ ಇದು ಇಲ್ಲವೇ? 2019ರ ಏಪ್ರಿಲ್‌ನಿಂದ ಸರ್ಕಾರ ಭಾರವನ್ನು ಮಾಲೀಕರ ಮೇಲೆ ಹೊರಿಸಿತು: ಹತ್ತು ದಿನ ಅಥವಾ ಅದಕ್ಕಿಂತ ಹೆಚ್ಚು ರಜೆ ಇರುವ ಪ್ರತಿಯೊಬ್ಬರೂ ವರ್ಷಕ್ಕೆ ಕನಿಷ್ಠ ಐದು ದಿನ ತೆಗೆದುಕೊಳ್ಳುವಂತೆ ನೋಡಿಕೊಳ್ಳಬೇಕು, ತಪ್ಪಿದರೆ ಒಬ್ಬ ನೌಕರನಿಗೆ 3 ಲಕ್ಷ ಯೆನ್‌ವರೆಗೆ ದಂಡ. ಸಂಕೋಚದವನಿಗೆ ಉಪದೇಶ ಮಾಡಿ ಫಲವಿಲ್ಲ, ಕಳಿಸದವನಿಗೆ ದಂಡ ಹಾಕಬೇಕು ಎನ್ನುವುದು ನನಗೆ ಸರಿಯೆನಿಸುತ್ತದೆ.

ದಕ್ಷಿಣ ಕೊರಿಯಾದಲ್ಲಿ ಒಂದು ವರ್ಷಕ್ಕೆ 15 ದಿನ, ಹೆಚ್ಚೆಂದರೆ 25. ಚೀನಾದಲ್ಲಿ ಒಟ್ಟು ಸೇವೆ ಹತ್ತು ವರ್ಷ ತುಂಬುವವರೆಗೆ ಐದೇ ದಿನ, ಇಪ್ಪತ್ತು ವರ್ಷ ದಾಟಿದರೆ 15. ಅಲ್ಲಿ ಮಾಲೀಕರು ರಜೆ ಕೊಡದೆ ಉಳಿಸಿಕೊಂಡ ದಿನಕ್ಕೆ ಮೂರು ಪಟ್ಟು ಸಂಬಳ ಕೊಡಬೇಕು.

ಗಲ್ಫ್‌ನಲ್ಲಿರುವ ನಮ್ಮವರಿಗೆ ಏನಿದೆ?

ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ಈ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು. ‘ಈ ಸಲ ರಜೆಯಲ್ಲಿ ಬರ್ತಾರೆ’ ಎನ್ನುವ ಒಂದು ಮಾತಿನ ಸುತ್ತ ಮನೆಯ ಬಣ್ಣ, ಮಗುವಿನ ನಾಮಕರಣ, ತಂಗಿಯ ಮದುವೆ ಎಲ್ಲ ಕಾದಿರುತ್ತವೆ.

ಯುಎಇಯಲ್ಲಿ ಒಂದು ವರ್ಷ ತುಂಬಿದರೆ 30 ಕ್ಯಾಲೆಂಡರ್ ದಿನ. ಆರು ತಿಂಗಳಿಂದ ವರ್ಷದವರೆಗೆ ತಿಂಗಳಿಗೆ ಎರಡು ದಿನ. 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ರಜೆಯ ನಡುವೆ ಈದ್ ಬಂದರೂ ಅದು ರಜೆಯೊಳಗೇ ಸೇರುತ್ತದೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ರಜೆ ತಡೆಹಿಡಿಯುವಂತಿಲ್ಲ. ಸೌದಿ ಅರೇಬಿಯಾದಲ್ಲಿ ಮೊದಲು 21 ದಿನ, ಐದು ವರ್ಷದ ನಂತರ 30; ರಜೆಯ ಸಂಬಳವನ್ನು ಹೊರಡುವ ಮೊದಲೇ ಕೊಡಬೇಕು. ಕತಾರ್‌ನಲ್ಲಿ ಮೂರು ವಾರ, ಐದು ವರ್ಷವಾದರೆ ನಾಲ್ಕು.

ಎರಡು ವರ್ಷದ್ದನ್ನು ಕೂಡಿಸಿ ಒಮ್ಮೆಲೇ ಎರಡು ತಿಂಗಳು ಬರುವುದು ಹಳೆಯ ರೂಢಿ, ಟಿಕೆಟ್ ಖರ್ಚು ಉಳಿಯಲಿ ಎಂದು. ನನ್ನ ತಮ್ಮನೂ ಹಾಗೇ ಮಾಡಿದ. ಅವನ ಮಗ ಮೊದಲ ಎರಡು ಭೇಟಿಯಲ್ಲಿ ಅಪ್ಪನ ಹತ್ತಿರ ಹೋಗಲು ನಾಲ್ಕೈದು ದಿನ ಹೆದರಿದ್ದ. ದುಡ್ಡು ಹೊಂದುವುದಾದರೆ ವರ್ಷಕ್ಕೊಮ್ಮೆ ಬನ್ನಿ ಎಂದೇ ನಾನು ಹೇಳುವುದು.

ಸರಿ, ನಮ್ಮಲ್ಲಿ? ಕರ್ನಾಟಕದಲ್ಲಿ ಖಾಸಗಿ ಕೆಲಸದವರಿಗೆ ಎಷ್ಟು?

ಇಪ್ಪತ್ತು ದಿನ ದುಡಿದರೆ ಒಂದು ದಿನ. ಇದೊಂದನ್ನು ಬಾಯಿಪಾಠ ಮಾಡಿಕೊಳ್ಳಿ. 1948ರ ಕಾರ್ಖಾನೆ ಕಾಯ್ದೆಯಲ್ಲಿ, ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಕಾರ್ಮಿಕರಿಗೆ ಅನ್ವಯಿಸಿದ 1951ರ ಪ್ಲಾಂಟೇಷನ್ ಕಾಯ್ದೆಯಲ್ಲಿ, ಅಂಗಡಿಗಳಿಂದ ಹಿಡಿದು ಐಟಿ ಕಂಪನಿಗಳವರೆಗೆ ಅನ್ವಯಿಸುವ 1961ರ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ, ಎಲ್ಲದರಲ್ಲೂ ಇದೇ ಅಳತೆ. ವರ್ಷಕ್ಕೆ 300 ದಿನ ಕೆಲಸ ಮಾಡಿದರೆ 15 ದಿನ. ವಾರಕ್ಕೆ ಆರು ದಿನ ದುಡಿಯುವವನಿಗೆ ಅದು ಎರಡೂವರೆ ವಾರ. ಐಎಲ್‌ಒ ಹೇಳುವ ಮೂರು ವಾರಕ್ಕೆ ಸ್ವಲ್ಪ ಕಡಿಮೆ.

ಕಾರ್ಖಾನೆ ಕಾಯ್ದೆಯಲ್ಲಿ ಕಾಡುತ್ತಿದ್ದದ್ದು 240 ದಿನದ ಹೊಸ್ತಿಲು. ವರ್ಷಕ್ಕೆ ಅಷ್ಟು ಹಾಜರಿ ಇಲ್ಲದಿದ್ದರೆ ರಜೆ ಸೊನ್ನೆ. 230 ದಿನ ದುಡಿದು, ಅಮ್ಮನ ಆಪರೇಷನ್ ಎಂದು ಊರಿಗೆ ಹೋದ ಹುಡುಗನಿಗೆ ‘ಈ ವರ್ಷ ನಿನಗೆ ಇಎಲ್ ಇಲ್ಲಪ್ಪ’ ಎಂದು ಹೇಳಬೇಕಾಗಿ ಬಂದ ದಿನ ನನಗೆ ಊಟ ಸೇರಲಿಲ್ಲ. ಈಗ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಹೊಸ್ತಿಲು 180 ದಿನಕ್ಕೆ ಇಳಿದಿದೆ. ಇಪ್ಪತ್ತಕ್ಕೆ ಒಂದು ಎನ್ನುವುದು ಹಾಗೇ ಇದೆ. 30 ದಿನದವರೆಗೆ ಮುಂದಿನ ವರ್ಷಕ್ಕೆ ಒಯ್ಯಬಹುದು.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತಿದೆ. ನೀವು ಕ್ರಮವಾಗಿ ಅರ್ಜಿ ಹಾಕಿ, ಅವರು ರಜೆ ನಿರಾಕರಿಸಿದ್ದರೆ, ಆ ದಿನಗಳಿಗೆ 30ರ ಮಿತಿ ಇಲ್ಲ. ಎಷ್ಟಿದ್ದರೂ ಮುಂದಕ್ಕೆ ಹೋಗುತ್ತವೆ. ಆದ್ದರಿಂದ ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬೇಡಿ. ಬರೆದು ಕೊಡಿ, ನಿರಾಕರಿಸಿದ್ದನ್ನೂ ಬರೆಸಿಕೊಳ್ಳಿ. ನಾನಿದ್ದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಅರ್ಜಿಗಳನ್ನು ಓದಿ ವಾಪಸ್ ಜೇಬಿಗೆ ಹಾಕಿಸುತ್ತಿದ್ದ. ಡಿಸೆಂಬರ್‌ನಲ್ಲಿ ಲೆಕ್ಕಕ್ಕೆ ಕೂತರೆ ದಾಖಲೆಯೇ ಇರುತ್ತಿರಲಿಲ್ಲ.

ಹಬ್ಬದ ರಜೆ ಬೇರೆ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜೊತೆಗೆ ಐದು ಹಬ್ಬದ ದಿನ, ಒಟ್ಟು ಹತ್ತು.

ಸ್ಯಾಂಡ್‌ವಿಚ್ ರಜೆ ಕಾನೂನುಬದ್ಧವೇ?

ಶುಕ್ರವಾರ ಮತ್ತು ಸೋಮವಾರ ರಜೆ ಹಾಕಿದರೆ ನಡುವಿನ ಶನಿವಾರ, ಭಾನುವಾರವನ್ನೂ ರಜೆಯಿಂದಲೇ ಕಡಿಯುವ ಕಂಪನಿಗಳಿವೆ. 1948ರ ಕಾರ್ಖಾನೆ ಕಾಯ್ದೆ ಇದನ್ನು ಒಪ್ಪಿರಲಿಲ್ಲ. ರಜೆಯ ನಡುವೆಯಾಗಲಿ, ಹಿಂದೆ ಮುಂದೆಯಾಗಲಿ ಬರುವ ವಾರದ ರಜೆ, ಹಬ್ಬದ ರಜೆಗಳನ್ನು ಬಿಟ್ಟೇ ಗಳಿಕೆ ರಜೆಯ ದಿನ ಎಣಿಸಬೇಕು ಎಂದಿತ್ತು. ಆಫೀಸುಗಳಲ್ಲಿ ಇದು ಕಂಪನಿಯ ನಿಯಮಾವಳಿಯ ಹೆಸರಿನಲ್ಲಿ ನಡೆದುಬಂದಿದೆ. ಕೆಲಸಕ್ಕೆ ಸೇರುವ ದಿನವೇ ಆ ಪುಟ ಓದಿ.

ರಜೆಯನ್ನು ದುಡ್ಡಿಗೆ ಮಾರುವುದು ಜಾಣತನವೇ?

ಬ್ರೆಜಿಲ್‌ನಲ್ಲಿ 30 ದಿನದ ಮೂರನೇ ಒಂದು ಭಾಗವನ್ನು ಮಾರಬಹುದು. ಅದಕ್ಕಿಂತ ಸೊಗಸಾದದ್ದು, ರಜೆಗೆ ಹೋಗುವವರಿಗೆ ಮಾಮೂಲಿ ಸಂಬಳದ ಮೇಲೆ ಮೂರನೇ ಒಂದು ಭಾಗ ಹೆಚ್ಚು ಕೊಡಬೇಕೆಂದು ಅಲ್ಲಿನ 1988ರ ಸಂವಿಧಾನವೇ ಹೇಳುತ್ತದೆ. ರಜೆಯಲ್ಲಿ ಖರ್ಚು ಜಾಸ್ತಿ ಎಂದು ಅವರಿಗೆ ಅರ್ಥವಾಗಿದೆ. ನಮ್ಮ ಕೇಂದ್ರ ಸರ್ಕಾರಿ ನೌಕರರ ಎಲ್‌ಟಿಸಿ, ಅಂದರೆ ರಜೆ ಪ್ರಯಾಣದ ರಿಯಾಯಿತಿಯ ಹಿಂದೆಯೂ ಇದೇ ಯೋಚನೆ ಇದೆ.

ನಮ್ಮ ರಾಜ್ಯ ಸರ್ಕಾರಿ ನೌಕರರು ವರ್ಷಕ್ಕೆ 15 ದಿನ ಗಳಿಕೆ ರಜೆ ಒಪ್ಪಿಸಿ ನಗದು ಪಡೆಯುವುದು ಮಾಮೂಲು. ಮಗಳ ಕಾಲೇಜು ಫೀಸು, ಗೌರಿ ಹಬ್ಬದ ಸೀರೆ ಎಲ್ಲ ಅದರಲ್ಲೇ. ತಪ್ಪೆಂದು ಹೇಳಲಾರೆ. ನಿವೃತ್ತಿಯಲ್ಲಿ ಬರುವ ರಜೆ ನಗದಿಗೆ ಸರ್ಕಾರಿ ನೌಕರರಿಗೆ ಪೂರ್ತಿ ತೆರಿಗೆ ವಿನಾಯಿತಿ, ಇತರರಿಗೆ 2023ರ ಏಪ್ರಿಲ್‌ನಿಂದ 25 ಲಕ್ಷ ರೂಪಾಯಿವರೆಗೆ. ಸೇವೆಯಲ್ಲಿರುವಾಗ ಮಾರಿದ್ದಕ್ಕೆ ತೆರಿಗೆ ಬೀಳುತ್ತದೆ. ಇಷ್ಟೆಲ್ಲ ಲೆಕ್ಕ ಹಾಕುವವರಿಗೆ ನನ್ನದೊಂದು ಕೋರಿಕೆ: ವರ್ಷಕ್ಕೆ ಒಂದು ವಾರವನ್ನಾದರೂ ಮಾರಬೇಡಿ.

ಸರ್ಕಾರಿ ನೌಕರರಿಗೆ ಮಾತ್ರ ಯಾಕೆ ಅಷ್ಟೊಂದು?

ಕೇಂದ್ರದಲ್ಲೂ ರಾಜ್ಯದಲ್ಲೂ ವರ್ಷಕ್ಕೆ 30 ದಿನ ಗಳಿಕೆ ರಜೆ, ಅದರ ಮೇಲೆ ಅರ್ಧ ವೇತನ ರಜೆ, ಸಾಂದರ್ಭಿಕ ರಜೆ. ಕೇಂದ್ರದ ನೌಕರರು 300 ದಿನದವರೆಗೆ ಕೂಡಿಡಬಹುದು. ಜನ ಇದನ್ನು ನೋಡಿ ಸರ್ಕಾರದವರ ಮೇಲೆ ಸಿಟ್ಟಾಗುತ್ತಾರೆ. ನನ್ನ ಅಭಿಪ್ರಾಯ ಬೇರೆ. 30 ದಿನ ಹೆಚ್ಚಲ್ಲ, ಯುರೋಪಿನಲ್ಲಿ ಎಷ್ಟೋ ಜನರಿಗೆ ಅಷ್ಟು ಸಿಗುತ್ತದೆ. ಗಾರ್ಮೆಂಟ್ಸ್ ಹೆಣ್ಣುಮಗಳಿಗೆ ಸಿಗುವ 15 ದಿನ ಕಡಿಮೆ.

ಈ ಯಾವ ಲೆಕ್ಕಕ್ಕೂ ಬಾರದವರು ಯಾರು?

ಮೊದಲಿಗೆ ಮನೆಗೆಲಸದವರು. ಬೆಂಗಳೂರಿನಲ್ಲಿ ಮೂರು ಮನೆಗಳ ಪಾತ್ರೆ ತೊಳೆಯುವ ಹೆಂಗಸಿಗೆ ಕಾನೂನಿನ ಪ್ರಕಾರ ಒಂದು ದಿನವೂ ಸಂಬಳದ ರಜೆ ಇಲ್ಲ. ಊರ ಜಾತ್ರೆಗೆ ನಾಲ್ಕು ದಿನ ಹೋಗಿ ಬಂದರೆ ಕೆಲಸವೇ ಇರುವುದಿಲ್ಲ. ಯುಎಇಯಲ್ಲಿ ಮನೆಗೆಲಸದವರಿಗೂ ವರ್ಷಕ್ಕೆ 30 ದಿನ ಎಂದು ಕಾನೂನಿದೆ. ಅಲ್ಲಿ ಎಲ್ಲರಿಗೂ ಅದು ತಲುಪುತ್ತದೆ ಎನ್ನಲಾರೆ, ಆದರೆ ಕೇಳಲು ಒಂದು ಕಾಗದವಾದರೂ ಇದೆ. ಮನೆಗೆಲಸದವರಿಗೂ ವಾರ್ಷಿಕ ರಜೆ ಬೇಕೆಂದು ಐಎಲ್‌ಒ 2011ರಲ್ಲೇ ಒಡಂಬಡಿಕೆ ಮಾಡಿದೆ. ಭಾರತ ಅದನ್ನು ಅಂಗೀಕರಿಸಿಲ್ಲ. ಕಾನೂನಿಗೆ ಕಾಯಬೇಕಿಲ್ಲ, ನಿಮ್ಮ ಮನೆಯಿಂದಲೇ ಶುರು ಮಾಡಬಹುದು: ಇಪ್ಪತ್ತು ದಿನಕ್ಕೆ ಒಂದು ದಿನ.

ಗುತ್ತಿಗೆ ಕಾರ್ಮಿಕರಿಗೆ ಕಾನೂನಿನಲ್ಲಿ ರಜೆ ಇದೆ. ಆದರೆ ಗುತ್ತಿಗೆದಾರ ಬದಲಾದಾಗ ಅದೇ ಜನ, ಅದೇ ಯಂತ್ರ, ಹಾಜರಿ ಪುಸ್ತಕ ಮಾತ್ರ ಹೊಸದು. ಎಣಿಕೆ ಮತ್ತೆ ಒಂದರಿಂದ.

ಊಟ ತಲುಪಿಸುವ, ಕ್ಯಾಬ್ ಓಡಿಸುವ ಗಿಗ್ ಕೆಲಸದವರನ್ನು ‘ಪಾಲುದಾರರು’ ಎಂದು ಕರೆದು ರಜೆಯಿಂದ ಹೊರಗಿಡುವುದು ಎಲ್ಲೆಡೆಯ ಜಗಳ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಊಬರ್ ಚಾಲಕರು ಕೆಲಸಗಾರರೇ ಎಂದು ತೀರ್ಪು ಕೊಟ್ಟ ಮೇಲೆ ಅಲ್ಲಿನ ಚಾಲಕರಿಗೆ ರಜೆಯ ಸಂಬಳ ಬರತೊಡಗಿತು. ಆಸ್ಟ್ರೇಲಿಯಾದಲ್ಲಿ ಕ್ಯಾಶುವಲ್ ಕೆಲಸಗಾರರಿಗೆ ವಾರ್ಷಿಕ ರಜೆ ಇಲ್ಲ. ಬದಲಿಗೆ ಗಂಟೆಯ ಕೂಲಿಗೆ ಸಾಮಾನ್ಯವಾಗಿ ಶೇ. 25 ಸೇರಿಸುತ್ತಾರೆ. ಓದಲು ಹೋಗಿ ಪಾರ್ಟ್‌ಟೈಮ್ ಮಾಡುವ ನಮ್ಮ ಮಕ್ಕಳು ಆ ಹೆಚ್ಚುವರಿ ಬರುತ್ತಿದೆಯೇ ಎಂದು ಪೇ ಸ್ಲಿಪ್‌ನಲ್ಲಿ ನೋಡಿಕೊಳ್ಳಬೇಕು.

ರಜೆಯಲ್ಲಿದ್ದಾಗ ಆಫೀಸಿನ ಫೋನ್ ಎತ್ತಲೇಬೇಕೇ?

ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ, ಕೆಲಸದ ಸಮಯದ ಆಚೆ ಸಂಪರ್ಕ ಕಡಿದುಕೊಳ್ಳುವ ಹಕ್ಕು ಕಾನೂನಿನಲ್ಲಿದೆ. ನಮ್ಮಲ್ಲಿ ಇಲ್ಲ. ಹೋಗುವ ಮೊದಲೇ ಯಾರು ನೋಡಿಕೊಳ್ಳುತ್ತಾರೆ ಎಂದು ಮೇಲ್ ಹಾಕಿ ಹೋಗುವುದೊಂದೇ ದಾರಿ.

ಕೆಲಸ ಬಿಟ್ಟರೆ, ಅಥವಾ ರಜೆ ಉಳಿದಿರುವಾಗಲೇ ತೀರಿಕೊಂಡರೆ?

ಬಿಟ್ಟರೆ ಉಳಿದ ಗಳಿಕೆ ರಜೆಗೆ ಸಂಬಳ ಬರಲೇಬೇಕು. ಕಾರ್ಖಾನೆ ಕಾಯ್ದೆಯಲ್ಲಿ ಎರಡನೆಯ ಕೆಲಸದ ದಿನ ಮುಗಿಯುವುದರೊಳಗೆ ಎಂದಿತ್ತು. ಉಳಿದ ರಜೆಯನ್ನು ನೋಟಿಸ್ ಅವಧಿಯ ಲೆಕ್ಕಕ್ಕೆ ಸೇರಿಸಿಕೊಂಡು ಕೆಲಸದಿಂದ ತೆಗೆಯುವಂತೆಯೂ ಇರಲಿಲ್ಲ.

ತೀರಿಕೊಂಡರೆ ಆ ದುಡ್ಡು ನಾಮಿನಿಗೆ ಅಥವಾ ವಾರಸುದಾರರಿಗೆ. ಐರೋಪ್ಯ ನ್ಯಾಯಾಲಯ ಇದನ್ನು 2014ರಲ್ಲಿ ಸ್ಪಷ್ಟಪಡಿಸಿತು, ಜರ್ಮನಿಯ ವಿಧವೆಯೊಬ್ಬರು ಗಂಡನ ಬಾಕಿ ಇದ್ದ 140 ದಿನಗಳ ರಜೆಗಾಗಿ ಹೂಡಿದ ಮೊಕದ್ದಮೆಯಲ್ಲಿ. ನಮ್ಮ ಕಾರ್ಖಾನೆ ಕಾಯ್ದೆಯಲ್ಲಿ ಇದು ಅದಕ್ಕೂ ಎಷ್ಟೋ ಮೊದಲೇ ಬರೆದಿತ್ತು, ಎರಡು ತಿಂಗಳೊಳಗೆ ಕೊಡಬೇಕೆಂಬ ಗಡುವಿನ ಸಮೇತ.

ನಮ್ಮಲ್ಲಿ ಒಬ್ಬ ಟರ್ನರ್ ಇದ್ದ. ಮಗಳ ಮದುವೆಗೆ ಬೇಕೆಂದು 26 ದಿನ ರಜೆ ಕೂಡಿಟ್ಟಿದ್ದ. ಮದುವೆಗೆ ಮೂರು ತಿಂಗಳಿರುವಾಗ ಎದೆನೋವು ಬಂದು ಹೋಗಿಬಿಟ್ಟ. ಅವನ ರಜಾ ಪುಸ್ತಕ ತೆಗೆದು, ಲೆಕ್ಕ ಹಾಕಿ, ಚೆಕ್ ಬರೆಸಿಕೊಂಡು ನಾನೇ ಅವರ ಮನೆಗೆ ಹೋದೆ. ‘ಕಂಪನಿಯವರು ಸಹಾಯ ಅಂತ ಕೊಟ್ಟಿದ್ದಾ ಸಾರ್?’ ಎಂದು ಅವನ ಹೆಂಡತಿ ಕೇಳಿದರು. ‘ಅಲ್ಲಮ್ಮ, ಅವರದ್ದೇ’ ಎಂದು ಹೇಳಿ, 26 ದಿನ ಎಂದು ಬರೆದಿದ್ದ ಪುಟ ತೋರಿಸಿ, ಸಹಿ ಹಾಕಿಸಿಕೊಂಡು ಬಂದೆ.